ಮನೆಯಲ್ಲಿ ಇಬ್ಬಿಬ್ಬರ ಪೋಕರ್ ಪಂದ್ಯಾವಳಿ ನಡೆಸುವುದು ಹೇಗೆ?

ದೀಪಾವಳಿಯ ರಾತ್ರಿ ಊಟವಾದ ಮೇಲೆ ಇಸ್ಪೀಟು ಕಟ್ಟು ಹೊರಗೆ ಬರುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದ ರೂಢಿ. ದೊಡ್ಡವರಿಗೆ ರಮ್ಮಿ, ಇಪ್ಪತ್ತೆಂಟು. ಮಕ್ಕಳಿಗೆ ಕತ್ತೆ ಆಟ. ಕೆಲವು ವರ್ಷಗಳ ಹಿಂದೆ ಇವುಗಳ ಜೊತೆಗೆ ಪೋಕರ್ ಕೂಡ ಸೇರಿಕೊಂಡಿತು. ಮೊದಲ ಸಲ ಎಂಟು ಜನ ಒಂದೇ ಜಮಖಾನೆಯ ಸುತ್ತ ಕುಳಿತೆವು. ಅತ್ತಿಗೆ ಇಪ್ಪತ್ತು ನಿಮಿಷದೊಳಗೆ ಎಲ್ಲ ಬಿಲ್ಲೆ, ಅಂದರೆ ಪಣಕ್ಕಿಡುವ ಚಿಪ್ಸ್, ಕಳೆದುಕೊಂಡು ಅಡುಗೆಮನೆಗೆ ಹೋದರು. ಆಟ ಮುಗಿಯುವವರೆಗೂ, ಅಂದರೆ ಮತ್ತೆ ಎರಡೂವರೆ ಗಂಟೆ, ಅವರು ಹೊರಗೆ ಬರಲಿಲ್ಲ. ಎಂಟು ಜನರನ್ನು ಕರೆದು ಕೊನೆಗೆ ಇಬ್ಬರನ್ನು ಮಾತ್ರ ಆಡಿಸಿದ ಹಾಗಾಯಿತು. ಅಂದಿನಿಂದ ನಾವು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಆಡಿಸುತ್ತಿದ್ದೇವೆ. ಪೋಕರ್ ಆಡುವವರು ಇದನ್ನು ಹೆಡ್ಸ್-ಅಪ್ ಎನ್ನುತ್ತಾರೆ.

ಈ ಬಗೆಯ ಪಂದ್ಯಾವಳಿಯಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಒಂದೇ ವಿಷಯ. ಮನೆಗೆ ಬಂದವರು ಸೋತರೂ ಗೆದ್ದರೂ ಕನಿಷ್ಠ ಮೂರು ಪಂದ್ಯ ಆಡಿಯೇ ಹೋಗಬೇಕು. ಮುಂದೆ ಹೇಳುವ ಏರ್ಪಾಡೆಲ್ಲ ಇದಕ್ಕಾಗಿಯೇ.

ಹಣದ ಮಾತು ಮೊದಲೇ ಮುಗಿಸಿ

ಕರೆಯುವಾಗಲೇ ಸ್ಪಷ್ಟವಾಗಿ ಹೇಳಿಬಿಡಿ: ಹಣ ಕಟ್ಟುವ ಆಟವಲ್ಲ, ಪ್ರವೇಶ ಶುಲ್ಕವೂ ಇಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ದೃಷ್ಟಿಯಲ್ಲಿ, ಜಾಗದ ಒಡೆಯ ತನ್ನ ಲಾಭಕ್ಕಾಗಿ ಜೂಜಿನ ಸಾಮಗ್ರಿ ಇಟ್ಟು ಆಡಿಸಿದರೆ ಆ ಜಾಗ ಜೂಜುಕಟ್ಟೆಯಾಗುತ್ತದೆ. ಅದು ವಾಸದ ಮನೆ ಎಂಬುದು ರಕ್ಷಣೆಯಲ್ಲ. ಪೋಕರ್ ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ವಾದ ನಮ್ಮ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ನಡೆದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನಂತೂ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ತಂದು ದೇಶದಾದ್ಯಂತ ನಿಷೇಧಿಸಿದೆ. ಆದ್ದರಿಂದ ಮೊಬೈಲ್ ಆ್ಯಪ್‌ನಲ್ಲಿ ಹಣದ ಲೆಕ್ಕ ಇಟ್ಟುಕೊಳ್ಳೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ.

ಕಾನೂನು ಹಾಗಿರಲಿ, ಮನೆಯೊಳಗೆ ಭಾವನ ಐನೂರು ರೂಪಾಯಿ ಮೈದುನನ ಜೇಬಿಗೆ ಹೋದ ರಾತ್ರಿ ಊಟದ ರುಚಿಯೇ ಬೇರೆಯಾಗುತ್ತದೆ. ಅದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ, ಮತ್ತೆ ನೋಡುವ ಇಚ್ಛೆಯಿಲ್ಲ. ತಿಂಡಿಯ ಖರ್ಚನ್ನು ಹಂಚಿಕೊಳ್ಳುವುದಿದ್ದರೆ ಅದನ್ನು ಬಹುಮಾನದ ಜೊತೆ ಬೆರೆಸಬೇಡಿ.

ನಮ್ಮಲ್ಲಿ ಬಹುಮಾನ ಒಂದು ಸ್ಟೀಲ್ ಚೊಂಬು. ಪಾತ್ರೆ ಅಂಗಡಿಯಲ್ಲಿ ಕೊಂಡದ್ದು. ಮದುವೆ, ಗೃಹಪ್ರವೇಶದ ಪಾತ್ರೆಗಳ ಮೇಲೆ ಹೆಸರು ಕೆತ್ತಿಕೊಡುವ ಹಾಗೆ ಇದರ ಮೇಲೂ ಗೆದ್ದವರ ಹೆಸರು ಕೆತ್ತಿಸುತ್ತೇವೆ. ಚೊಂಬು ಒಂದು ವರ್ಷ ಗೆದ್ದವರ ಮನೆಯಲ್ಲಿದ್ದು ಮುಂದಿನ ವರ್ಷ ಪಂದ್ಯಕ್ಕೆ ವಾಪಸು ಬರಬೇಕು. ಇದಕ್ಕಾಗಿ ನಡೆಯುವ ಪೈಪೋಟಿ ಹಣಕ್ಕಾಗಿ ನಡೆದದ್ದನ್ನು ನಾನು ಕಾಣೆ.

ಎಷ್ಟು ಜನರನ್ನು ಕರೆಯಬೇಕು

ಎಂಟು ಜನ ಅತ್ಯುತ್ತಮ. ನಾಲ್ಕು ಜೋಡಿ, ನಾಲ್ಕು ಜಾಗ, ಮೂರು ಸುತ್ತು; ಮೂರೂವರೆ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಏಳು ಜನ ಬಂದರೆ ನೀವೇ ಎಂಟನೆಯವರಾಗಿ ಕುಳಿತುಕೊಳ್ಳಿ. ಎಂಟು ಜನ ಅತಿಥಿಗಳೇ ಬಂದಿದ್ದರೆ ನೀವು ಆಡಬೇಡಿ. ಸಮಯ ನೋಡುವುದು, ತಕರಾರು ತೀರಿಸುವುದು, ಕಾಫಿ ಬೆರೆಸುವುದು ಒಬ್ಬರಿಗೆ ಸಾಕಷ್ಟು ಕೆಲಸವೇ.

ಆರು ಜನರಾದರೆ ಎಲ್ಲರೂ ಎಲ್ಲರೊಡನೆ ಆಡಲಿ. ಒಟ್ಟು 15 ಪಂದ್ಯ; ಮೂರು ಕಡೆ ಏಕಕಾಲಕ್ಕೆ ನಡೆದರೆ ಐದು ಸುತ್ತು. ಒಂದೊಂದನ್ನು 25 ನಿಮಿಷದ ಚಿಕ್ಕ ಪಂದ್ಯ ಮಾಡಿಕೊಂಡರೆ ಎರಡು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ನಾಲ್ವರಿದ್ದರೆ ಇದೇ ರೀತಿಯಲ್ಲಿ 6 ಪಂದ್ಯ, ಮೂರು ಸುತ್ತು. ಹದಿನಾರು ಜನರನ್ನು ಮೊದಲ ಸಲಕ್ಕೆ ಕರೆಯಬೇಡಿ. ಕೂರಿಸಲು ಜಾಗ ಸಿಕ್ಕರೂ ಎಂಟು ಕಡೆಯ ತಕರಾರುಗಳಿಗೆ ಒಬ್ಬರೇ ಓಡಾಡಲು ಆಗುವುದಿಲ್ಲ.

ಸಾಮಾನು ಹೊಂದಿಸುವುದು

ಪ್ರತಿ ಜೋಡಿಗೂ ಎರಡು ಇಸ್ಪೀಟು ಕಟ್ಟು ಬೇಕು, ಹಿಂಬದಿಯ ಬಣ್ಣ ಬೇರೆ ಬೇರೆ ಇರಲಿ. ಒಬ್ಬರು ಕೆಂಪು ಕಟ್ಟಿನಿಂದ ಎಲೆ ಹಂಚುತ್ತಿರುವಾಗ ಇನ್ನೊಬ್ಬರು ನೀಲಿಯದನ್ನು ಕಲೆಸಿ ಮುಂದಿನ ಆಟಕ್ಕೆ ಸಿದ್ಧವಾಗಿಡಬಹುದು. ಇಬ್ಬರ ಆಟದಲ್ಲಿ ಕೈಗಳು, ಅಂದರೆ ಒಂದೊಂದು ಸಲ ಎಲೆ ಹಂಚಿ ಆಡುವ ಆಟಗಳು, ಬೇಗ ಬೇಗ ಮುಗಿಯುವುದರಿಂದ, ಒಂದೇ ಕಟ್ಟಿದ್ದರೆ ಅರ್ಧ ಹೊತ್ತು ಕಲೆಸುವುದರಲ್ಲೇ ಹೋಗುತ್ತದೆ. ಪ್ಲಾಸ್ಟಿಕ್ ಎಲೆಗಳು ಸ್ವಲ್ಪ ದುಬಾರಿ, ಆದರೆ ಬಾಳಿಕೆ ಬರುತ್ತವೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯ ತೇವದಲ್ಲಿ, ಕಾಗದದ ಎಲೆ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮೂಲೆ ಮಡಚಿದ ಎಲೆಯನ್ನು ಎದುರಿಗಿರುವವರು ಎರಡೇ ಸುತ್ತಿನಲ್ಲಿ ಗುರುತು ಹಿಡಿಯುತ್ತಾರೆ.

ಜೋಕರ್‌ಗಳನ್ನು ತೆಗೆದು, 52 ಎಲೆ ಇವೆಯೇ ಎಂದು ಹಿಂದಿನ ದಿನವೇ ಎಣಿಸಿಡಿ. ನಮ್ಮಲ್ಲಿ ಒಮ್ಮೆ ಸೆಮಿಫೈನಲ್ ನಡೆಯುತ್ತಿದ್ದಾಗ ಕಳಾವರ್ ಒಂಬತ್ತು ಸೋಫಾದ ಸಂದಿಯಲ್ಲಿ ಸಿಕ್ಕಿತು. ಎಂದಿನಿಂದ ಅದು ಅಲ್ಲಿತ್ತೋ ಯಾರಿಗೂ ತಿಳಿಯಲಿಲ್ಲ. ಅಷ್ಟು ಹೊತ್ತು ಆಡಿದ್ದನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಆಡಬೇಕಾಯಿತು.

ಬಿಲ್ಲೆಗಳ ವಿಷಯಕ್ಕೆ ಬರೋಣ. ಪ್ರತಿಯೊಬ್ಬರಿಗೂ 2,000 ಅಂಕದ ಬಿಲ್ಲೆ ಕೊಡಿ: ಹತ್ತರವು 15, ಐವತ್ತರವು 7, ನೂರರವು 10, ಐನೂರರದು 1. ಒಬ್ಬರಿಗೆ 33 ಬಿಲ್ಲೆ, ಎಂಟು ಜನರಿಗೆ 264. ಅಂಗಡಿಯಲ್ಲಿ ಸಿಗುವ 300 ಬಿಲ್ಲೆಗಳ ಪೆಟ್ಟಿಗೆ ಇದಕ್ಕೆ ಸಾಕು; ಯಾವ ಬಣ್ಣ ಹೆಚ್ಚಿದೆಯೋ ಅದನ್ನು ಹತ್ತಕ್ಕೆ ಇಟ್ಟುಕೊಳ್ಳಿ. ಪೆಟ್ಟಿಗೆ ಕೊಳ್ಳಲೇಬೇಕೆಂದಿಲ್ಲ. ಅಳಗುಳಿಮಣೆ, ಚೌಕಾಬಾರದ ಸಾಮಾನು ಇರುವ ಮನೆಯಲ್ಲಿ ಎಲ್ಲವೂ ಸಿಗುತ್ತದೆ. ನಾವು ಮೊದಲ ಎರಡು ವರ್ಷ ಹುಣಸೆ ಬೀಜವನ್ನು ಹತ್ತಕ್ಕೆ, ಕವಡೆಯನ್ನು ಐವತ್ತಕ್ಕೆ, ಅಂಗಿಯ ಗುಂಡಿಯನ್ನು ನೂರಕ್ಕೆ, ಗೋಟಡಿಕೆಯನ್ನು ಐನೂರಕ್ಕೆ ಇಟ್ಟುಕೊಂಡಿದ್ದೆವು. ಹುಣಸೆ ಬೀಜದ ರಾಶಿಯನ್ನು ಎರಡೂ ಕೈಯಿಂದ ನಡುವಿಗೆ ತಳ್ಳುವಾಗ ಆಗುವ ಸದ್ದು ಈಗಿನ ಬಿಲ್ಲೆಗಳಿಗಿಲ್ಲ. ಗುಲಗಂಜಿಯನ್ನು ಮಾತ್ರ ಬಳಸಬೇಡಿ. ಅದು ವಿಷದ ಬೀಜ, ಮನೆಯಲ್ಲಿ ಚಿಕ್ಕ ಮಕ್ಕಳು ಓಡಾಡುತ್ತಿರುತ್ತಾರೆ.

ಬರಿಯ ಗಾಜಿನ ಅಥವಾ ಸನ್‌ಮೈಕಾ ಮೇಜಿನ ಮೇಲೆ ಎಲೆ ಎತ್ತಿಕೊಳ್ಳುವುದು ಕಷ್ಟ, ಉಗುರಿನಿಂದ ಕೆದಕುವಾಗ ಎದುರಿನವರಿಗೆ ಎಲೆ ಕಂಡುಬಿಡುತ್ತದೆ. ದಪ್ಪ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಇಲ್ಲವೇ ನೆಲದ ಮೇಲೆ ಜಮಖಾನೆ ಹಾಸಿ ಕುಳಿತುಬಿಡಿ. ಮಂಡಿನೋವಿನವರಿಗೆ ಮಾತ್ರ ಮೇಜು ಕುರ್ಚಿ.

ಆಟವನ್ನು ಕಲಿಸಲು ಇಪ್ಪತ್ತು ನಿಮಿಷ

ಆಡುವುದು ಟೆಕ್ಸಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಮುಚ್ಚಿದ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಇದು ಫ್ಲಾಪ್, ಆಮೇಲೆ ಒಂದು, ಟರ್ನ್, ಕೊನೆಗೆ ಇನ್ನೊಂದು, ರಿವರ್. ಈ ಏಳರಲ್ಲಿ ಅತ್ಯುತ್ತಮ ಐದನ್ನು ಆರಿಸಿಕೊಂಡು ಯಾರ ಕೈ ದೊಡ್ಡದು ಎಂದು ನೋಡುವುದು. ಎಲೆ ಹಂಚಿದ ಮೇಲೊಂದು, ನಡುವಿನ ಎಲೆಗಳು ಬಿದ್ದಾಗಲೆಲ್ಲ ಒಂದೊಂದು, ಹೀಗೆ ನಾಲ್ಕು ಸಲ ಬಿಲ್ಲೆ ಹಾಕುವ ಅವಕಾಶ. ಎಲೆ ಎಸೆದು ಆ ಕೈಯಿಂದ ಹೊರಬರುವುದನ್ನು, ಮೂರೆಲೆ ಆಡಿದವರು ಪ್ಯಾಕ್ ಎನ್ನುವುದನ್ನು, ಇಲ್ಲಿ ಫೋಲ್ಡ್ ಎನ್ನುತ್ತಾರೆ.

ಕೈಗಳ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದು ಪ್ರತಿ ಜೋಡಿಯ ಪಕ್ಕದಲ್ಲಿಡಿ. ಮೇಲಿನಿಂದ ಕೆಳಕ್ಕೆ: ಒಂದೇ ಜಾತಿಯ ಐದು ಎಲೆಗಳ ಓಟ (ಒಂದರ ಮುಂದೆ ಒಂದು ಸಾಲಾಗಿ ಬರುವ ಎಲೆಗಳು), ಅದರಲ್ಲಿ ಹತ್ತರಿಂದ ಎಕ್ಕದವರೆಗಿನದು ಎಲ್ಲಕ್ಕೂ ದೊಡ್ಡದು, ಒಂದೇ ಬೆಲೆಯ ನಾಲ್ಕು, ಮೂರು ಮತ್ತು ಎರಡು ಸೇರಿದ ಫುಲ್ ಹೌಸ್, ಒಂದೇ ಜಾತಿಯ ಯಾವುದಾದರೂ ಐದು, ಅಂದರೆ ಫ್ಲಶ್, ಬೇರೆ ಬೇರೆ ಜಾತಿಯ ಐದರ ಓಟ, ಅಂದರೆ ಸ್ಟ್ರೈಟ್, ಒಂದೇ ಬೆಲೆಯ ಮೂರು, ಎರಡು ಜೋಡಿ, ಒಂದು ಜೋಡಿ, ಇದಾವುದೂ ಇಲ್ಲದಿದ್ದರೆ ದೊಡ್ಡ ಎಲೆ.

ನಮ್ಮವರು ಎಡವುವ ಜಾಗ ಇಲ್ಲೇ ಇದೆ. ಮೂರೆಲೆಯಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಅದಕ್ಕಿಂತ ಚಿಕ್ಕದು. ಪೋಕರ್‌ನಲ್ಲಿ ಇದು ತಿರುವುಮುರುವು. ಯಾಕೆ ಹೀಗೆ ಎಂದು ಸೋದರಮಾವ ಪ್ರತಿ ವರ್ಷ ಜಗಳವಾಡುತ್ತಿದ್ದರು. ಕೊನೆಗೆ ಲೆಕ್ಕ ಬರೆದು ತೋರಿಸಿದೆ. 52 ಎಲೆಗಳಿಂದ ಮೂರನ್ನು 22,100 ರೀತಿಯಲ್ಲಿ ಆರಿಸಬಹುದು. ಅದರಲ್ಲಿ ಬೆರಕೆ ಜಾತಿಯ ಓಟ 720, ಬರಿಯ ಕಲರ್ 1,096. ಓಟ ಅಪರೂಪ, ಆದ್ದರಿಂದ ಅದಕ್ಕೆ ಬೆಲೆ ಹೆಚ್ಚು. ಐದು ಎಲೆಗಳಾದಾಗ ಒಟ್ಟು 25,98,960 ರೀತಿ. ಅದರಲ್ಲಿ ಸ್ಟ್ರೈಟ್ 10,200, ಫ್ಲಶ್ 5,108. ಈಗ ಫ್ಲಶ್ ಅಪರೂಪವಾಯಿತು. ಮಾವ ಹಾಳೆಯನ್ನು ಎರಡು ಸಲ ಓದಿ ಮಡಚಿ ಜೇಬಿಗೆ ಹಾಕಿಕೊಂಡರು. ಈಗ ಹೊಸಬರಿಗೆ ಇದನ್ನು ಹೇಳಿಕೊಡುವವರು ಅವರೇ.

ಎಕ್ಕ, ಎರಡು, ಮೂರು, ನಾಲ್ಕು, ಐದು ಇಲ್ಲಿ ಓಟವೇ, ಆದರೆ ಓಟಗಳಲ್ಲಿ ಅತಿ ಚಿಕ್ಕದು. ಇಪ್ಪತ್ತೆಂಟರ ಅಭ್ಯಾಸವಿದ್ದವರಿಗೆ ಇನ್ನೊಂದು ಮಾತು: ಇಲ್ಲಿ ತುರುಫು ಇಲ್ಲ, ಗುಲಾಮ ರಾಣಿಗಿಂತ ಚಿಕ್ಕದು, ಇಸ್ಪೀಟು ಆಟೀನಿಗಿಂತ ದೊಡ್ಡದಲ್ಲ. ಕೈ ಸಮವಾದರೆ ನಡುವಿನ ರಾಶಿಯನ್ನು ಅರ್ಧರ್ಧ ಹಂಚಿಕೊಳ್ಳಬೇಕು.

ಇಷ್ಟು ಹೇಳಿ ಹತ್ತು ಕೈಗಳನ್ನು ಎಲೆ ತೆರೆದಿಟ್ಟು ಆಡಿಸಿ. ಬಾಯಲ್ಲಿ ಒಂದು ಗಂಟೆ ವಿವರಿಸಿದರೂ ಬಾರದ್ದು ಆ ಹತ್ತು ಕೈಗಳಲ್ಲಿ ಬರುತ್ತದೆ.

ಬಟನ್: ಇಬ್ಬರ ಆಟದ ಕೀಲಿ

ದೊಡ್ಡ ಮೇಜಿನ ಪೋಕರ್ ಬಲ್ಲವರೂ ಇಬ್ಬರ ಆಟಕ್ಕೆ ಕುಳಿತಾಗ ತಪ್ಪುವ ನಿಯಮ ಇದು. ನಾವೂ ಮೊದಲ ವರ್ಷ ಪೂರ್ತಿ ತಪ್ಪಾಗಿಯೇ ಆಡಿದ್ದೆವು. ಅದರಿಂದ ಯಾರಿಗೆ ಎಷ್ಟು ನಷ್ಟವಾಯಿತೋ ಈಗ ಲೆಕ್ಕ ಹಾಕಲಾಗದು. ಆದ್ದರಿಂದ ನಿಧಾನವಾಗಿ ಓದಿ.

ಎಲೆ ಹಂಚುವ ಸರದಿ ಯಾರದೋ ಅವರ ಮುಂದೆ ಒಂದು ಗುರುತು ಇಡಿ. ನಾವು ಬಾಟಲಿಯ ಮುಚ್ಚಳ ಇಡುತ್ತೇವೆ. ಇದೇ ಬಟನ್. ಪ್ರತಿ ಕೈಯ ಮೊದಲು ಇಬ್ಬರೂ ಎಲೆ ನೋಡದೆ ಒಂದಿಷ್ಟು ಬಿಲ್ಲೆ ಹಾಕಬೇಕು, ಅದು ಬ್ಲೈಂಡ್. ಬಟನ್ ಇರುವವರು ಚಿಕ್ಕ ಬ್ಲೈಂಡ್ ಹಾಕುತ್ತಾರೆ, ಎದುರಿನವರು ಅದರ ಎರಡರಷ್ಟು. ಮೊದಲ ಎಲೆ ಎದುರಿನವರಿಗೆ, ಕೊನೆಯ ಎಲೆ ಬಟನ್‌ನವರಿಗೆ. ಫ್ಲಾಪ್‌ಗೆ ಮುಂಚೆ ಬಟನ್‌ನವರು ಮೊದಲು ಮಾತಾಡಬೇಕು, ಅಂದರೆ ಬಿಲ್ಲೆ ಹಾಕುವುದೋ ಎಲೆ ಎಸೆಯುವುದೋ ಹೇಳಬೇಕು. ಫ್ಲಾಪ್ ಬಿದ್ದ ಮೇಲೆ ಉಳಿದ ಮೂರೂ ಸಲ ಎದುರಿನವರು ಮೊದಲು, ಬಟನ್‌ನವರು ಆಮೇಲೆ. ಕೈ ಮುಗಿದೊಡನೆ ಮುಚ್ಚಳ ಆಚೆಗೆ ಹೋಗುತ್ತದೆ.

ಇದಕ್ಕೆ ಇಷ್ಟು ಪ್ರಾಮುಖ್ಯ ಯಾಕೆ? ಎದುರಾಳಿ ಏನು ಮಾಡಿದರು ಎಂದು ನೋಡಿದ ಮೇಲೆ ನಿರ್ಧರಿಸುವ ಅವಕಾಶ ಪೋಕರ್‌ನಲ್ಲಿ ದೊಡ್ಡ ಬಲ. ಫ್ಲಾಪ್ ನಂತರದ ಮೂರು ಸಲವೂ ಆ ಬಲ ಬಟನ್‌ನವರ ಕಡೆ ಇರುತ್ತದೆ, ಅದಕ್ಕೆ ಬದಲಾಗಿ ಮೊದಲ ಸಲ ಅವರು ಮುಂದಾಗಿ ಮಾತಾಡುತ್ತಾರೆ. ಗುರುತು ಒಂದು ಸಲ ಆಚೆಗೆ ಹೋಗದೆ ಉಳಿದರೂ ಒಬ್ಬರಿಗೆ ಅನ್ಯಾಯ. ಮೊದಲ ಬಟನ್ ಯಾರದು ಎಂಬುದಕ್ಕೆ ಒಂದೊಂದು ಎಲೆ ಎಳೆಯಿರಿ, ದೊಡ್ಡ ಎಲೆಯವರದು ಬಟನ್.

ಬಟನ್‌ನವರು ಕಲೆಸಬಾರದು, ಹಂಚಬೇಕಷ್ಟೆ. ಕಲೆಸುವುದು ಎದುರಿನವರ ಕೆಲಸ. ಹಂಚುವ ಮೊದಲು ಬಟನ್‌ನವರು ಕಟ್ ಮಾಡಲಿ. ಫ್ಲಾಪ್, ಟರ್ನ್, ರಿವರ್ ತೆರೆಯುವ ಮುನ್ನ ಪ್ರತಿ ಸಲ ಮೇಲಿನ ಒಂದು ಎಲೆಯನ್ನು ಮುಚ್ಚಿದಂತೆಯೇ ಬದಿಗಿಡಿ. ಮೇಲಿನ ಎಲೆಯ ಬೆನ್ನಿನಲ್ಲಿ ಗುರುತೇನಾದರೂ ಇದ್ದರೆ ಅದರ ಲಾಭ ಯಾರಿಗೂ ಸಿಗದಿರಲಿ ಎಂಬುದೇ ಉದ್ದೇಶ.

ಸಮಯ ಮತ್ತು ಬ್ಲೈಂಡ್

ಬ್ಲೈಂಡ್ ಏರದಿದ್ದರೆ ಇಬ್ಬರು ಜಾಗರೂಕ ಆಟಗಾರರು ಬೆಳಗಿನವರೆಗೂ ಆಡಬಲ್ಲರು. ಏಳು ನಿಮಿಷಕ್ಕೊಮ್ಮೆ ಹೀಗೆ ಏರಿಸಿ:

10–20, 20–40, 30–60, 50–100, 80–160, 100–200, 150–300, 200–400.

ಮೊದಲ ಹಂತದಲ್ಲಿ ಪ್ರತಿಯೊಬ್ಬರ ಬಳಿಯೂ ದೊಡ್ಡ ಬ್ಲೈಂಡಿನ ನೂರು ಪಟ್ಟು ಬಿಲ್ಲೆ ಇರುತ್ತದೆ, ಯೋಚಿಸಿ ಆಡಲು ಧಾರಾಳ ಅವಕಾಶ. 35 ನಿಮಿಷ ಕಳೆದು 100–200ಕ್ಕೆ ಬಂದಾಗ ಇಬ್ಬರದೂ ಸೇರಿದ 4,000 ಅಂಕ ಬರೀ ಇಪ್ಪತ್ತು ದೊಡ್ಡ ಬ್ಲೈಂಡ್ ಆಗಿಬಿಟ್ಟಿರುತ್ತದೆ. ಅಲ್ಲಿಂದಾಚೆ ಪಂದ್ಯ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಮ್ಮಲ್ಲಿ ಹೆಚ್ಚಿನವು ಐವತ್ತು ನಿಮಿಷದೊಳಗೆ ಮುಗಿದಿವೆ. ಎಂಟು ಹಂತವೂ ಮುಗಿದು ಇನ್ನೂ ಆಟ ಉಳಿದಿದ್ದರೆ ಇನ್ನೆರಡು ಕೈ ಆಡಿಸಿ ಬಿಲ್ಲೆ ಎಣಿಸಿ, ಹೆಚ್ಚಿದ್ದವರು ಗೆದ್ದಂತೆ. 25 ನಿಮಿಷದ ಚಿಕ್ಕ ಪಂದ್ಯಕ್ಕೆ ಬಿಲ್ಲೆ 1,000 ಕೊಟ್ಟು ನಾಲ್ಕು ನಿಮಿಷಕ್ಕೊಮ್ಮೆ ಏರಿಸಿ.

ನಾಲ್ಕೂ ಕಡೆಗೆ ಗಡಿಯಾರ ಒಂದೇ ಇರಲಿ. ನಮ್ಮಲ್ಲಿ ಅಣ್ಣನ ಮಗಳು ಮೊಬೈಲಿನ ಟೈಮರ್ ನೋಡಿಕೊಂಡು ಸ್ಟೀಲ್ ಲೋಟಕ್ಕೆ ಚಮಚದಿಂದ ಹೊಡೆದು ಹೊಸ ಬ್ಲೈಂಡ್ ಕೂಗಿ ಹೇಳುತ್ತಾಳೆ. ಲೋಟ ಬಾರಿಸಿದಾಗ ನಡೆಯುತ್ತಿರುವ ಕೈ ಹಳೆಯ ಲೆಕ್ಕದಲ್ಲೇ ಮುಗಿಯಲಿ, ಮುಂದಿನ ಕೈಯಿಂದ ಹೊಸದು.

ಜೋಡಿ ಹಾಕುವುದು

ನಾಲ್ಕು ಎಕ್ಕ, ನಾಲ್ಕು ರಾಜ, ಇಷ್ಟನ್ನೇ ಬೇರೆ ಮಾಡಿ ಕಲೆಸಿ ಎಲ್ಲರ ಮುಂದೆ ಹಿಡಿಯಿರಿ. ಒಬ್ಬೊಬ್ಬರೂ ಒಂದು ಎಳೆಯಲಿ. ಇಸ್ಪೀಟಿನ ಎಕ್ಕ ಬಂದವರು ಇಸ್ಪೀಟಿನ ರಾಜ ಬಂದವರೊಡನೆ ಆಡುತ್ತಾರೆ. ಆಟೀನು, ಡೈಮಂಡ್, ಕಳಾವರ್ ಕೂಡ ಹೀಗೆಯೇ. ಅಮೆರಿಕದ ಎನ್‌ಬಿಸಿ ವಾಹಿನಿ 2005ರಲ್ಲಿ ಶುರು ಮಾಡಿದ ಹೆಡ್ಸ್-ಅಪ್ ಪಂದ್ಯಾವಳಿಯಲ್ಲಿ 64 ಜನರನ್ನು ನಾಲ್ಕು ವಿಭಾಗ ಮಾಡಿ ಆ ವಿಭಾಗಗಳಿಗೆ ಇಸ್ಪೀಟಿನ ನಾಲ್ಕು ಜಾತಿಯ ಹೆಸರನ್ನೇ ಇಟ್ಟಿದ್ದರು. ನಮ್ಮ ಯೋಚನೆ ಹುಟ್ಟಿದ್ದು ಅಲ್ಲಿಂದ. ಆ ಪಂದ್ಯಾವಳಿಯಲ್ಲಿ ಸೋತವರು ಮನೆಗೆ ಹೋಗುತ್ತಿದ್ದರು. ನಮ್ಮ ಅತಿಥಿಗಳು ಹೋಗುವುದಿಲ್ಲ.

ಎರಡನೇ ಸುತ್ತಿನಲ್ಲಿ ಇಸ್ಪೀಟಿನಲ್ಲಿ ಗೆದ್ದವರು ಕಳಾವರ್‌ನಲ್ಲಿ ಗೆದ್ದವರೊಡನೆ, ಆಟೀನಿನವರು ಡೈಮಂಡ್‌ನವರೊಡನೆ. ಕಪ್ಪಿಗೆ ಕಪ್ಪು, ಕೆಂಪಿಗೆ ಕೆಂಪು. ಅದೇ ಹೊತ್ತಿಗೆ ಸೋತವರೂ ಇದೇ ಕ್ರಮದಲ್ಲಿ ಪರಸ್ಪರ ಆಡುತ್ತಾರೆ. ಮೂರನೇ ಸುತ್ತಿನಲ್ಲಿ ಎರಡು ಸಲ ಗೆದ್ದಿಬ್ಬರಿಗೆ ಫೈನಲ್, ಗೆದ್ದು ಸೋತ ಇಬ್ಬರಿಗೆ ಮೂರನೇ ಸ್ಥಾನದ ಪಂದ್ಯ, ಸೋತು ಗೆದ್ದವರಿಗೆ ಐದನೆಯದು, ಎರಡೂ ಸೋತವರಿಗೆ ಏಳನೆಯದು. ಒಟ್ಟು 12 ಪಂದ್ಯ, ಒಬ್ಬೊಬ್ಬರಿಗೆ ಮೂರು, ಎಂಟೂ ಜನರಿಗೆ ಒಂದೊಂದು ಸ್ಥಾನ. ನಮ್ಮ ಅತ್ತಿಗೆ ಕಳೆದ ಸಲ ಏಳನೇ ಸ್ಥಾನಕ್ಕಾಗಿ ಆಡಿದ ಪಂದ್ಯವನ್ನು ನೋಡಲು ಫೈನಲ್ ಬಿಟ್ಟು ಮೂವರು ಎದ್ದು ಬಂದಿದ್ದರು.

ಸೋತವರನ್ನು ಆಡಿಸಬೇಕು ಎನ್ನಲು ಮರ್ಯಾದೆಯ ಜೊತೆಗೆ ಲೆಕ್ಕದ ಕಾರಣವೂ ಇದೆ. ಎಕ್ಕದ ಜೋಡಿ ಹಿಡಿದು ಕುಳಿತವರು ಯಾವುದೋ ಎರಡು ಎಲೆಗಳ ಎದುರು ಕೊನೆಯವರೆಗೆ ಹೋದರೆ ನೂರರಲ್ಲಿ ಸುಮಾರು 85 ಸಲ ಗೆಲ್ಲುತ್ತಾರೆ. ಉಳಿದದ್ದು ಅದೃಷ್ಟದ ಪಾಲು. ಎರಡರ ಜೋಡಿ ಒಂದು ಕಡೆ, ಎಕ್ಕ ರಾಜ ಇನ್ನೊಂದು ಕಡೆ ಎಂದರೆ ಹೆಚ್ಚು ಕಡಿಮೆ ಅರ್ಧಕ್ಕರ್ಧ. ಹೀಗಿರುವಾಗ ಚೆನ್ನಾಗಿ ಆಡುವವರು ಒಂದು ಪಂದ್ಯವನ್ನು ನೂರಕ್ಕೆ 60ರಷ್ಟು ಗೆಲ್ಲುತ್ತಾರೆ ಎಂದಿಟ್ಟುಕೊಂಡರೂ, ಮೂರನ್ನು ಸತತವಾಗಿ ಗೆಲ್ಲುವ ಸಾಧ್ಯತೆ ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚು ಅಷ್ಟೆ. 2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರರ ಎದುರು ಈ ಇಬ್ಬರ ಆಟವನ್ನೇ ಆಡಿ ಗೆದ್ದಿತು. ಅಲ್ಲಿ ಅದೃಷ್ಟವನ್ನು ಕಳೆದು ಕೌಶಲವನ್ನು ಅಳೆಯಲು 1,20,000 ಕೈ ಆಡಿಸಬೇಕಾಯಿತು. ನಮ್ಮ ಐವತ್ತು ನಿಮಿಷದ ಪಂದ್ಯದಲ್ಲಿ ಸೋತವರು ಕೆಟ್ಟ ಆಟಗಾರರು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಫೈನಲ್ ಮಾತ್ರ ಮೂರರಲ್ಲಿ ಎರಡು ಗೆದ್ದವರಿಗೆ ಎಂದಿಡಿ, ಪ್ರತಿಯೊಂದೂ 1,000 ಅಂಕದ ಚಿಕ್ಕ ಪಂದ್ಯ. 60ರ ಆಟಗಾರರ ಸಾಧ್ಯತೆ ಇದರಿಂದ 65ರ ಹತ್ತಿರಕ್ಕೆ ಏರುತ್ತದೆ. ಹೆಚ್ಚಳ ಸ್ವಲ್ಪವೇ. ಆದರೆ ಒಂದು ಕೆಟ್ಟ ಎಲೆಯಿಂದ ಚೊಂಬು ಕೈತಪ್ಪಿತು ಎಂಬ ಕೊರಗು ಉಳಿಯುವುದಿಲ್ಲ.

ತಕರಾರು ಬರುವ ಜಾಗಗಳು

ಎಲ್ಲಕ್ಕಿಂತ ಹೆಚ್ಚು ಗೊಂದಲ ಆಲ್-ಇನ್‌ನಲ್ಲಿ, ಅಂದರೆ ತಮ್ಮಲ್ಲಿದ್ದ ಬಿಲ್ಲೆಯನ್ನೆಲ್ಲ ಒಂದೇ ಸಲ ಇಡುವಾಗ. ಒಬ್ಬರ ಬಳಿ 1,340 ಇದೆ, ಇನ್ನೊಬ್ಬರ ಬಳಿ 2,660. ಇಬ್ಬರೂ ಎಲ್ಲವನ್ನೂ ನಡುವಿಗೆ ತಳ್ಳಿದರು. ಸ್ಪರ್ಧೆಗೆ ಬರುವುದು ಇಬ್ಬರಿಂದಲೂ 1,340 ಮಾತ್ರ. ಹೆಚ್ಚಿದ್ದ 1,320 ಕೂಡಲೇ ವಾಪಸು. ಕಡಿಮೆ ಇದ್ದವರು ಗೆದ್ದರೆ ಅವರದು 2,680, ಇನ್ನೊಬ್ಬರದು 1,320, ಆಟ ಮುಂದುವರಿಯುತ್ತದೆ. ಹೆಚ್ಚು ಇದ್ದವರು ಗೆದ್ದರೆ ಪಂದ್ಯವೇ ಮುಗಿಯಿತು. ಇಂಥ ಹೊತ್ತಿನಲ್ಲಿ ನೀವು ಹತ್ತಿರ ಹೋಗಿ ಚಿಕ್ಕ ರಾಶಿಯನ್ನು ಮೊದಲು ಎಣಿಸಿ, ಅಷ್ಟನ್ನೇ ದೊಡ್ಡದರಿಂದ ಬೇರೆ ಮಾಡಿ, ಆಮೇಲೆ ಉಳಿದ ಎಲೆಗಳನ್ನು ತೆರೆಸಿ. ಎಲೆ ತೆರೆದ ಮೇಲೆ ಎಣಿಸಲು ಹೋದರೆ ಯಾರ ಹುಣಸೆ ಬೀಜ ಎಲ್ಲಿ ಬೆರೆಯಿತು ಎಂಬುದೇ ತಿಳಿಯದು.

ಏರಿಸುವುದಕ್ಕೆ, ಅಂದರೆ ಎದುರಿನವರು ಇಟ್ಟದ್ದಕ್ಕಿಂತ ಹೆಚ್ಚು ಬಿಲ್ಲೆ ಇಡುವುದಕ್ಕೆ, ಕನಿಷ್ಠ ಮಿತಿಯಿದೆ: ಹಿಂದಿನವರು ಎಷ್ಟು ಏರಿಸಿದರೋ ಕನಿಷ್ಠ ಅಷ್ಟನ್ನು ಏರಿಸಬೇಕು. ದೊಡ್ಡ ಬ್ಲೈಂಡ್ 20 ಇದ್ದಾಗ ಒಬ್ಬರು 60 ಎಂದರೆ ಏರಿಸಿದ್ದು 40. ಮುಂದಿನವರು ಕನಿಷ್ಠ 100 ಎನ್ನಬೇಕು. ಬಾಯಿಂದ ಬಂದ ಮಾತು ಆಟವೇ. ಮೊದಲು ಸ್ವಲ್ಪ ಬಿಲ್ಲೆ ಇಟ್ಟು, ಎದುರಿನವರ ಮುಖ ನೋಡಿ, ಇನ್ನಷ್ಟು ಇಡುವಂತಿಲ್ಲ. ಹಂಚುವಾಗ ಮುಚ್ಚಿದ ಎಲೆ ಕಂಡುಹೋದರೆ ಪೂರ್ತಿ ಕಲೆಸಿ ಮತ್ತೆ ಹಂಚಿ. ಆಡದೆ ನೋಡುತ್ತಿರುವವರು ಮಾತಾಡಬಾರದು, ಹುಬ್ಬು ಕೂಡ ಹಾರಿಸಬಾರದು. ಈ ಐದಾರು ಸಾಲನ್ನೂ ಕೈಗಳ ಹಾಳೆಯ ಕೆಳಗೇ ಬರೆದಿಡಿ. ಆಟದ ನಡುವೆ ಹೇಳಿದ ನಿಯಮ ಯಾರೋ ಒಬ್ಬರ ವಿರುದ್ಧ ಹೇಳಿದಂತೆ ಕೇಳಿಸುತ್ತದೆ.

ಹೊಸಬರಿಗೆ ಕಿವಿಮಾತು

ಒಳ್ಳೆಯ ಎಲೆಗೆ ಕಾಯುತ್ತಾ ಕೂರಬೇಡಿ ಎಂದು ಹೊಸಬರಿಗೆ ಹೇಳಿ. ಎಕ್ಕದ ಜೋಡಿ ಬರುವುದು 221 ಕೈಗೆ ಒಂದು ಸಲ. ನಿಮಿಷಕ್ಕೊಂದು ಕೈ ಆಡಿದರೆ ನಿಮ್ಮ ಮೂರೂ ಪಂದ್ಯಗಳಲ್ಲಿ ಅದು ಬಾರದೆಯೂ ಇರಬಹುದು. ಯಾವುದೇ ಜೋಡಿಯಾದರೂ 17 ಕೈಗೆ ಒಮ್ಮೆ. ಕೈಯಲ್ಲಿ ಜೋಡಿಯಿಲ್ಲದವರಿಗೆ ಫ್ಲಾಪ್‌ನಲ್ಲಿ ಜೋಡಿ ಅಥವಾ ಅದಕ್ಕಿಂತ ಮೇಲಿನದು ಕೂಡುವುದು ಮೂರರಲ್ಲಿ ಒಂದು ಸಲ. ಅಂದರೆ ಹೆಚ್ಚಿನ ಸಲ ಇಬ್ಬರ ಕೈಯಲ್ಲೂ ಏನೂ ಇರುವುದಿಲ್ಲ, ಧೈರ್ಯವಾಗಿ ಬಿಲ್ಲೆ ಇಟ್ಟವರು ರಾಶಿ ಎತ್ತಿಕೊಳ್ಳುತ್ತಾರೆ. ದೊಡ್ಡ ಮೇಜಿನಲ್ಲಿ ಎಸೆಯಬೇಕಾದ ರಾಣಿ-ಏಳು ಇಲ್ಲಿ ಆಡಬಹುದಾದ ಕೈ. ಅದರಲ್ಲೂ ಬಟನ್ ನಿಮ್ಮದಾಗಿದ್ದಾಗ ಎಸೆಯುವುದು ಕಡಿಮೆ ಇರಲಿ.

ಆ ದಿನ

ಮಧ್ಯಾಹ್ನ ಮೂರಕ್ಕೆ ಬನ್ನಿ ಎಂದು ಹೇಳಿದರೆ ಮೂರೂಕಾಲಿಗೆ ಎಲ್ಲರೂ ಇರುತ್ತಾರೆ. ಕಲಿಸುವುದು, ಜೋಡಿ ಎಳೆಯುವುದು ಮುಗಿಸಿ ಮೂರೂ ಮುಕ್ಕಾಲಿಗೆ ಮೊದಲ ಸುತ್ತು. ಅದು ಮುಗಿದ ಮೇಲೆ ಇಪ್ಪತ್ತು ನಿಮಿಷ ಕಾಫಿ ತಿಂಡಿ. ಬಜ್ಜಿ, ಬೋಂಡಾ ಕೊಡುವುದಾದರೆ ಈ ಬಿಡುವಿನಲ್ಲೇ ಕೊಟ್ಟು ಕೈ ತೊಳೆಸಿ ಕೂರಿಸಿ. ಆಟದ ಪಕ್ಕದಲ್ಲಿ ಎಣ್ಣೆ ತಿಂಡಿ ಇಡಲೇಬಾರದು. ಎಣ್ಣೆ ಕೈಯ ಹೆಬ್ಬೆಟ್ಟು ಎಕ್ಕದ ಬೆನ್ನಿನ ಮೇಲೆ ಬಿದ್ದರೆ ಆ ಕಟ್ಟನ್ನು ಕತ್ತೆ ಆಟಕ್ಕೆ ಕೊಟ್ಟುಬಿಡಬೇಕಾಗುತ್ತದೆ. ಹುರಿಗಡಲೆಯನ್ನು ಚಮಚ ಹಾಕಿ ಬಟ್ಟಲಲ್ಲಿ ಇಟ್ಟರೆ ಸಾಕು. ಕಾಫಿ ಲೋಟ ಜಮಖಾನೆಯ ಹೊರಗೆ, ಬಲಗೈಯ ಪಕ್ಕದಲ್ಲಿ.

ಬೇಗ ಪಂದ್ಯ ಮುಗಿಸಿದವರು ಮುಂದಿನ ಸುತ್ತಿನವರೆಗೆ ಗಡಿಯಾರ ನೋಡಿಕೊಳ್ಳಲಿ, ಇಲ್ಲವೇ ಬೇರೆ ಜೋಡಿಗೆ ಎಲೆ ಹಂಚಿಕೊಡಲಿ. ಹಂಚಲು ಮೂರನೆಯವರು ಸಿಕ್ಕರೆ ಆಡುವವರಿಗೂ ನಿರಾಳ. ಫೈನಲ್‌ಗಂತೂ ಹಂಚುವವರನ್ನು ಬೇರೆಯೇ ಕೂರಿಸಿ. ಆಗಲೂ ಮುಚ್ಚಳ ಆಟಗಾರರ ನಡುವೆಯೇ ಓಡಾಡಬೇಕು.

ಏಳು ಗಂಟೆಯ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಜನ ಎದ್ದು ಹೋಗುವ ಮೊದಲೇ ಎಲೆಗಳನ್ನು ಕಟ್ಟು ಕಟ್ಟಾಗಿ 52 ಎಣಿಸಿ ಡಬ್ಬಿಗೆ ಹಾಕಿ, ಬಿಲ್ಲೆ 264 ಇದೆಯೇ ನೋಡಿ, ಸೋಫಾದ ಸಂದಿಯಲ್ಲಿ ಒಮ್ಮೆ ಕೈಯಾಡಿಸಿ. ಎಂಟೂ ಸ್ಥಾನಗಳನ್ನು ಹಾಳೆಯ ಮೇಲೆ ಬರೆದು ಎಲ್ಲರಿಂದ ಸಹಿ ಹಾಕಿಸಿಕೊಳ್ಳಿ. ಮುಂದಿನ ವರ್ಷ ಜೋಡಿ ಹಾಕುವಾಗ ಫೈನಲ್ ಆಡಿದ ಇಬ್ಬರನ್ನು ಕಪ್ಪಿಗೊಬ್ಬರು ಕೆಂಪಿಗೊಬ್ಬರು ಎಂದು ದೂರ ಇಡಲು ಇದು ಬೇಕಾಗುತ್ತದೆ. ಚೊಂಬನ್ನು ಗೆದ್ದವರ ಕೈಗೆ ಅಂದೇ ಕೊಡಬೇಡಿ. ಮರುದಿನ ಪಾತ್ರೆ ಅಂಗಡಿಗೆ ಹೋಗಿ ಹೆಸರಿನ ಪಕ್ಕದಲ್ಲಿ ವರ್ಷವನ್ನೂ ಕೆತ್ತಿಸಿ, ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆದು, ನೀವೇ ಅವರ ಮನೆಗೆ ಹೋಗಿ ಕೊಟ್ಟು ಬನ್ನಿ.